ಗಡಿ ಮೊದಲು ಬಂತು, ಒಪ್ಪಂದ ಆಮೇಲೆ: ಐರ್ಲೆಂಡ್ ವಿಭಜನೆಯ ಬಗ್ಗೆ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಾವು ದಾವಣಗೆರೆ ಕಡೆಯವರು. ಯಜಮಾನರ ಕೆಲಸದ ಕಾರಣ ಈಗ ಡಬ್ಲಿನ್ ಹತ್ತಿರ ಇದ್ದೇವೆ. ಮಗಳು ಇಲ್ಲಿನ ಹೈಸ್ಕೂಲಿನಲ್ಲಿ ಓದುತ್ತಿದ್ದಾಳೆ. ಇತಿಹಾಸದ ಪ್ರಾಜೆಕ್ಟ್‌ಗೆ 1916ರಿಂದ 1925ರವರೆಗಿನ ಐರ್ಲೆಂಡ್ ತಗೊಂಡಿದ್ದಾಳೆ. ನಾನೂ ಅವಳ ಜೊತೆ ಕೂತು ಓದಿದೆ. ಓದಿದಷ್ಟೂ ಗೊಂದಲ ಜಾಸ್ತಿ ಆಯಿತು. ನನ್ನ ಆಫೀಸಿನಲ್ಲಿ ಒಬ್ಬರು, "ಮೈಕೆಲ್ ಕಾಲಿನ್ಸ್ ಉತ್ತರ ಭಾಗವನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ, ಅದಕ್ಕೇ ಅಂತರ್ಯುದ್ಧ ಆಯ್ತು" ಅಂತಾರೆ. ಇನ್ನೊಬ್ಬರು, "ಅವನು ಇಲ್ಲದಿದ್ದರೆ ಈ ದೇಶವೇ ಇರುತ್ತಿರಲಿಲ್ಲ" ಅಂತಾರೆ. ನನಗೆ ಮಾತ್ರ ಇದು ನಮ್ಮ 1947ರ ಥರವೇ ಕಾಣುತ್ತದೆ. ಬ್ರಿಟಿಷರು ಹೋಗುವಾಗ ಧರ್ಮದ ಹೆಸರಲ್ಲಿ ಗೆರೆ ಎಳೆದು ಹೋದರು, ಅಷ್ಟೇ ಅಲ್ವಾ? ಹಾಗಾದರೆ ಗೆದ್ದವರೇ ಒಬ್ಬರನ್ನೊಬ್ಬರು ಯಾಕೆ ಕೊಂದರು? ಮಗಳು ಯಾರ ಪರ ಬರೆಯಬೇಕು? ಟೀಚರ್ ಮನೆಯವರು ಯಾವ ಕಡೆಯವರೋ ಗೊತ್ತಿಲ್ಲ, ಅದೊಂದು ಭಯ ಬೇರೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಜಗಳಗಳು ಒಂದಾಗಿವೆ. ಒಂದು, ಗಡಿ ಹೇಗೆ ಬಂತು ಅನ್ನುವುದು. ಇನ್ನೊಂದು, ಅಂತರ್ಯುದ್ಧ ಯಾತಕ್ಕೆ ಆಯಿತು ಅನ್ನುವುದು. ನಿಮ್ಮ ಆಫೀಸಿನವರು ಮೊದಲನೆಯದನ್ನು ತಂದು ಎರಡನೆಯದಕ್ಕೆ ಅಂಟಿಸಿದ್ದಾರೆ. ಅವರದ್ದೇನೂ ತಪ್ಪಿಲ್ಲ. ಈ ವಿಷಯ ಪಾಠ ಮಾಡುವಾಗ ನಾನು ಅತಿ ಹೆಚ್ಚು ಸಲ ಬಿಡಿಸಬೇಕಾಗಿ ಬರುವ ಗಂಟೇ ಇದು.

ತಾರೀಖುಗಳನ್ನು ಸಾಲಾಗಿ ಇಟ್ಟರೆ ಅರ್ಧ ಗೊಂದಲ ಹೋಗುತ್ತದೆ. ಐರ್ಲೆಂಡನ್ನು ಎರಡು ಮಾಡಿದ ಕಾಯ್ದೆಗೆ ಲಂಡನ್ನಿನಲ್ಲಿ ರಾಜನ ಅಂಕಿತ ಬಿದ್ದದ್ದು 1920ರ ಡಿಸೆಂಬರ್ 23ಕ್ಕೆ. ಅದು ಜಾರಿಗೆ ಬಂದದ್ದು 1921ರ ಮೇ 3ಕ್ಕೆ. ಅದೇ ತಿಂಗಳು ಉತ್ತರದ ಆರು ಕೌಂಟಿಗಳಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಚುನಾವಣೆ ನಡೆದು, 52ರಲ್ಲಿ 40 ಸೀಟು ಯೂನಿಯನಿಸ್ಟರಿಗೆ, ಅಂದರೆ ಬ್ರಿಟನ್ ಜೊತೆಗೇ ಇರಬೇಕು ಅನ್ನುವವರಿಗೆ ಹೋದವು. ಜೂನ್ 22ಕ್ಕೆ ದೊರೆ ಐದನೇ ಜಾರ್ಜ್ ಬೆಲ್‌ಫಾಸ್ಟ್‌ಗೆ ಬಂದು ಅಲ್ಲಿನ ಪಾರ್ಲಿಮೆಂಟನ್ನು ಉದ್ಘಾಟಿಸಿದರು. ದಕ್ಷಿಣದಲ್ಲಿ ಆಗ ಇನ್ನೂ ಐರಿಶ್ ಸ್ವಾತಂತ್ರ್ಯ ಹೋರಾಟಗಾರರಿಗೂ ಬ್ರಿಟಿಷರಿಗೂ ಗುಂಡಿನ ಚಕಮಕಿ ನಡೆಯುತ್ತಲೇ ಇತ್ತು. ಕದನ ವಿರಾಮ ಆದದ್ದು ಜುಲೈ 11ಕ್ಕೆ. ಹೋರಾಟದ ಮುಖಂಡರಾದ ಕಾಲಿನ್ಸ್, ಆರ್ಥರ್ ಗ್ರಿಫಿತ್ ಮತ್ತಿತರರು ಲಂಡನ್ನಿನಲ್ಲಿ ಮಾತುಕತೆಗೆ ಕೂತದ್ದು ಅಕ್ಟೋಬರ್ 11ಕ್ಕೆ. ಅಷ್ಟೊತ್ತಿಗೆ ಬೆಲ್‌ಫಾಸ್ಟ್‌ನಲ್ಲಿ ಪ್ರಧಾನಿ ಇದ್ದರು, ಮಂತ್ರಿಮಂಡಲ ಇತ್ತು, ಬಂದೂಕು ಹಿಡಿದ ವಿಶೇಷ ಪೊಲೀಸ್ ಪಡೆಯೂ ಇತ್ತು. ಮಾತುಕತೆ ನಡೆಯುತ್ತಿದ್ದ ನವೆಂಬರ್‌ನಲ್ಲೇ ಕಾನೂನು ಸುವ್ಯವಸ್ಥೆಯ ಅಧಿಕಾರವನ್ನೂ ಲಂಡನ್ ಆ ಸರ್ಕಾರದ ಕೈಗೆ ಕೊಟ್ಟಿತು. ಹಾಗಾಗಿ ಡಿಸೆಂಬರ್ 6ಕ್ಕೆ ಬ್ರಿಟನ್ ಜೊತೆಗಿನ ಒಪ್ಪಂದಕ್ಕೆ ಸಹಿ ಹಾಕಿದವರು ದೇಶವನ್ನು ಎರಡು ಮಾಡಿದರು ಅನ್ನುವ ಮಾತು ನಿಲ್ಲುವುದಿಲ್ಲ. ಅವರು ಲಂಡನ್ನಿಗೆ ಹೋಗುವಾಗಲೇ ಅದು ಎರಡಾಗಿತ್ತು.

ಇಲ್ಲೇ 1947ರ ಹೋಲಿಕೆಯೂ ಸಡಿಲವಾಗುತ್ತದೆ. ನಮ್ಮಲ್ಲಿ ಸ್ವಾತಂತ್ರ್ಯ ಮತ್ತು ಗಡಿ ಒಂದೇ ವಾರದಲ್ಲಿ ಬಂದವು. ರ‍್ಯಾಡ್‌ಕ್ಲಿಫ್ ಗೆರೆ ಎಲ್ಲಿ ಹಾದುಹೋಗುತ್ತದೆ ಎಂದು ಜನರಿಗೆ ಗೊತ್ತಾದದ್ದು ಆಗಸ್ಟ್ 17ಕ್ಕೆ. ಐರ್ಲೆಂಡಿನಲ್ಲಿ ಹೊಸ ಗೆರೆ ಅಂತ ಯಾರೂ ಎಳೆಯಲೇ ಇಲ್ಲ. ನೂರಾರು ವರ್ಷ ಹಳೆಯ ಕೌಂಟಿ ಗಡಿಗಳನ್ನೇ ತೆಗೆದುಕೊಂಡು ಅಂತರರಾಷ್ಟ್ರೀಯ ಗಡಿ ಮಾಡಿದರು. ತೆರಿಗೆ ಲೆಕ್ಕಕ್ಕೆ, ಕೋರ್ಟು ಕಚೇರಿಗೆ ಅಂತ ಇದ್ದ ಗಡಿಗಳು ಅವು. ಹೊಲಗಳ ನಡುವೆ, ಹಳ್ಳದ ಉದ್ದಕ್ಕೂ, ಕೆಲವು ಕಡೆ ಊರಿನ ಮಧ್ಯದಲ್ಲೇ ಹಾದುಹೋಗುತ್ತವೆ. ಪೆಟಿಗೋ ಎನ್ನುವ ಊರಿನಲ್ಲಿ ಸಣ್ಣ ಹೊಳೆಯ ಈ ದಂಡೆ ಡೊನೆಗಾಲ್, ಆ ದಂಡೆ ಫರ್ಮಾನಾ. ಇನ್ನೊಂದು ದೊಡ್ಡ ವ್ಯತ್ಯಾಸವೂ ಇದೆ. ಉತ್ತರ ಐರ್ಲೆಂಡ್ ಪಾಕಿಸ್ತಾನದ ಹಾಗೆ ಬೇರೆ ದೇಶವಾಗಲಿಲ್ಲ, ಬ್ರಿಟನ್ನಿನ ಒಳಗೇ ಉಳಿಯಿತು. ಲಕ್ಷಾಂತರ ಜನ ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟುವ ಪರಿಸ್ಥಿತಿಯೂ ಬರಲಿಲ್ಲ.

ಹಾಗಂತ ರಕ್ತ ಹರಿಯಲಿಲ್ಲ ಅಂದುಕೊಳ್ಳಬೇಡಿ. 1920ರ ಜುಲೈನಲ್ಲಿ ಬೆಲ್‌ಫಾಸ್ಟ್ ಹಡಗುಕಟ್ಟೆಗಳಿಂದ ಸಾವಿರಾರು ಕ್ಯಾಥೊಲಿಕ್ ಕೆಲಸಗಾರರನ್ನು, ಅವರ ಜೊತೆಗಿದ್ದ ಕೆಲವು ಪ್ರಾಟೆಸ್ಟೆಂಟ್ ಕಾರ್ಮಿಕ ನಾಯಕರನ್ನೂ ಹೊಡೆದು ಓಡಿಸಿದರು. ಮುಂದಿನ ಎರಡು ವರ್ಷದಲ್ಲಿ ಆ ಒಂದು ಊರಿನಲ್ಲೇ ನಾನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ದಕ್ಷಿಣದಲ್ಲಿ 1911ರಿಂದ 1926ರ ನಡುವೆ ಪ್ರಾಟೆಸ್ಟೆಂಟರ ಸಂಖ್ಯೆ ಸುಮಾರು ಮೂರನೇ ಒಂದು ಪಾಲು ಇಳಿಯಿತು. ಮೊದಲ ಮಹಾಯುದ್ಧದಲ್ಲಿ ಸತ್ತವರು, ಬ್ರಿಟಿಷ್ ಸೈನ್ಯದ ಜೊತೆ ಹೊರಟು ಹೋದವರು, ಕೆಲಸಕ್ಕೆ ವಲಸೆ ಹೋದವರು, ಹೆದರಿ ಹೋದವರು ಎಲ್ಲರೂ ಅದರಲ್ಲಿದ್ದಾರೆ. ಯಾವ ಕಾರಣಕ್ಕೆ ಎಷ್ಟು ಜನ ಅನ್ನುವುದರ ಬಗ್ಗೆ ಇತಿಹಾಸಕಾರರು ಇವತ್ತಿಗೂ ಜಗಳ ಆಡುತ್ತಾರೆ.

ಧರ್ಮದ ಮಾತಿಗೆ ಬರೋಣ. "ಕ್ಯಾಥೊಲಿಕರಿಗೂ ಪ್ರಾಟೆಸ್ಟೆಂಟರಿಗೂ ಆಗಲಿಲ್ಲ" ಅನ್ನುವುದು ಪೂರ್ತಿ ಸುಳ್ಳಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. 1609ರ ನಂತರ ಅಲ್‌ಸ್ಟರ್ ಪ್ರಾಂತ್ಯದಲ್ಲಿ ಸ್ಥಳೀಯರ ಭೂಮಿ ಕಿತ್ತು, ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನಿಂದ ಜನರನ್ನು ತಂದು ಕೂರಿಸಿದರು. ಅಲ್ಲಿ ಧರ್ಮ ಎನ್ನುವುದು ಜಮೀನು ಯಾರದ್ದು ಎಂಬುದರ ಗುರುತೂ ಆಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಬೆಲ್‌ಫಾಸ್ಟ್ ಲಿನನ್ ಬಟ್ಟೆ ಮತ್ತು ಹಡಗಿನ ಊರಾಗಿ ಬೆಳೆಯಿತು. ಟೈಟಾನಿಕ್ ಕಟ್ಟಿದ್ದು ಅಲ್ಲೇ. ಆ ಕಾರ್ಖಾನೆಗಳ ಮಾಲು ಹೋಗುತ್ತಿದ್ದದ್ದು ಸಾಮ್ರಾಜ್ಯದ ಮಾರುಕಟ್ಟೆಗಳಿಗೆ. ರೈತರೇ ತುಂಬಿದ ಡಬ್ಲಿನ್ ಪಾರ್ಲಿಮೆಂಟಿನ ಕೈಕೆಳಗೆ ಹೋದರೆ ನಮ್ಮ ವ್ಯಾಪಾರಕ್ಕೆ ತೆರಿಗೆ ಹಾಕಿ ಮುಗಿಸುತ್ತಾರೆ, ಚರ್ಚಿನ ಮಾತೇ ಕಾನೂನಾಗುತ್ತದೆ ಅಂತ ಅಲ್ಲಿನವರಿಗೆ ಭಯ ಇತ್ತು. ಭಯ ಸರಿಯೋ ತಪ್ಪೋ, ನಾಟಕವಂತೂ ಅಲ್ಲ. 1912ರ ಸೆಪ್ಟೆಂಬರ್ 28ಕ್ಕೆ ಹೋಮ್ ರೂಲ್, ಅಂದರೆ ಡಬ್ಲಿನ್ನಿಗೆ ಸ್ವಂತ ಪಾರ್ಲಿಮೆಂಟ್ ಕೊಡುವುದನ್ನು ವಿರೋಧಿಸುವ ಪ್ರತಿಜ್ಞೆಗೆ ಗಂಡಸರು ಹೆಂಗಸರು ಸೇರಿ ಸುಮಾರು ನಾಲ್ಕೂ ಮುಕ್ಕಾಲು ಲಕ್ಷ ಜನ ಸಹಿ ಹಾಕಿದರು. ಮರುವರ್ಷ ತಮ್ಮದೇ ಖಾಸಗಿ ಸೇನೆ ಕಟ್ಟಿದರು. 1914ರ ಏಪ್ರಿಲ್‌ನಲ್ಲಿ ಜರ್ಮನಿಯಿಂದ ಸುಮಾರು 25,000 ಬಂದೂಕು ಕಳ್ಳಸಾಗಣೆಯಲ್ಲಿ ತಂದು ಇಳಿಸಿಕೊಂಡರು. ಐರಿಶ್ ರಾಜಕೀಯಕ್ಕೆ ಆ ಶತಮಾನದಲ್ಲಿ ಬಂದೂಕನ್ನು ದೊಡ್ಡ ಪ್ರಮಾಣದಲ್ಲಿ ತಂದವರು ಬ್ರಿಟಿಷ್ ದೊರೆಗೆ ನಿಷ್ಠರಾದವರೇ. ಈ ವಿಚಿತ್ರವನ್ನು ಮಗಳು ಒಂದು ಪ್ಯಾರಾದಲ್ಲಿ ಬರೆದರೂ ಟೀಚರ್ ಗಮನಿಸುತ್ತಾರೆ.

ಆರೇ ಕೌಂಟಿ ಯಾಕೆ ಅನ್ನುವುದೂ ಧರ್ಮಕ್ಕಿಂತ ಲೆಕ್ಕಾಚಾರದ ಕಥೆ. ಅಲ್‌ಸ್ಟರ್ ಪ್ರಾಂತ್ಯದಲ್ಲಿರುವುದು ಒಂಬತ್ತು ಕೌಂಟಿ. ಬ್ರಿಟಿಷ್ ಸಂಪುಟ ಸಮಿತಿ ಮೊದಲು ಹೇಳಿದ್ದೂ ಒಂಬತ್ತನ್ನೇ. ಹಾಗೆ ಮಾಡಿದರೆ ಅಲ್ಲಿ ಎರಡೂ ಧರ್ಮದವರು ಹೆಚ್ಚುಕಡಿಮೆ ಸಮ ಆಗಿ, ಮುಂದೆ ಒಂದು ದಿನ ದೇಶ ಒಂದಾಗಬಹುದು ಎಂಬ ಆಸೆ ಅದರಲ್ಲಿತ್ತು. ಬೇಡ ಅಂದವರು ಯೂನಿಯನಿಸ್ಟರು. ಒಂಬತ್ತರಲ್ಲಿ ಅವರ ಬಹುಮತ ತೀರಾ ಕಮ್ಮಿ. ಆರರಲ್ಲಿ ಮೂರನೇ ಎರಡು. 1920ರ ಮಾರ್ಚ್‌ನಲ್ಲಿ ಕ್ಯಾವನ್, ಮೊನಹನ್, ಡೊನೆಗಾಲ್ ಕೌಂಟಿಗಳನ್ನು ಬಿಟ್ಟುಬಿಡಲು ಅವರೇ ಒಪ್ಪಿದರು. ಆ ಮೂರು ಕೌಂಟಿಗಳ ಸುಮಾರು 70,000 ಪ್ರಾಟೆಸ್ಟೆಂಟರು 1912ರ ಅದೇ ಪ್ರತಿಜ್ಞೆಯಲ್ಲಿ ಜೊತೆಗಿದ್ದವರು. ತಮ್ಮವರೇ ಕೈಬಿಟ್ಟರು ಎಂಬ ಕಹಿ ಅವರಿಗೆ ಬಹಳ ಕಾಲ ಉಳಿಯಿತು. ಇತ್ತ ಆರರ ಒಳಗೆ ಬಿದ್ದ ಫರ್ಮಾನಾ ಮತ್ತು ಟಿರೋನ್ ಕೌಂಟಿಗಳಲ್ಲಿ ಕ್ಯಾಥೊಲಿಕರೇ ಹೆಚ್ಚು. ಧರ್ಮ ನೋಡಿ ಎಳೆದ ಗೆರೆ ಆಗಿದ್ದರೆ ಇವೆರಡು ಆ ಕಡೆ ಹೋಗುತ್ತಿರಲಿಲ್ಲ. ಬಹುಮತಕ್ಕೆ ಅಪಾಯ ಆಗದೆ ಎಷ್ಟು ಭೂಮಿ ಹಿಡಿಯಬಹುದೋ ಅಷ್ಟು ಹಿಡಿದ ಗೆರೆ ಅದು.

ಈಗ ದಕ್ಷಿಣ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಡಬ್ಲಿನ್ನಿನಲ್ಲಿ ಎದ್ದ 1916ರ ಈಸ್ಟರ್ ದಂಗೆಯ ಕಥೆ ನಿಮ್ಮ ಮಗಳಿಗೆ ಶಾಲೆಯಲ್ಲೇ ಚೆನ್ನಾಗಿ ಹೇಳಿರುತ್ತಾರೆ, ನಾನು ಎಳೆಯುವುದಿಲ್ಲ. ದಂಗೆಯಲ್ಲಿ ಸತ್ತ ಸುಮಾರು 485 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನ್ಯ ನಾಗರಿಕರು. ಡಬ್ಲಿನ್ನಿನ ಬಹಳ ಜನಕ್ಕೆ ದಂಗೆಕೋರರ ಮೇಲೆ ಮೊದಲು ಸಿಟ್ಟೇ ಬಂದಿತ್ತು. ಮೇ ತಿಂಗಳಲ್ಲಿ ಹದಿನೈದು ಜನರನ್ನು ಒಬ್ಬೊಬ್ಬರಾಗಿ ಗುಂಡಿಟ್ಟು ಕೊಂದ ಮೇಲೆ ಮನಸ್ಸುಗಳು ತಿರುಗಿದವು. 1918ರಲ್ಲಿ ಐರ್ಲೆಂಡಿನವರನ್ನೂ ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸುತ್ತೇವೆ ಅಂದಾಗ ಉಳಿದವರೂ ತಿರುಗಿದರು. ಅದೇ ಡಿಸೆಂಬರ್ ಚುನಾವಣೆಯಲ್ಲಿ ಸ್ವತಂತ್ರ ಗಣರಾಜ್ಯ ಬೇಕು ಅನ್ನುವ ಶಿನ್ ಫೇನ್ ಪಕ್ಷಕ್ಕೆ 105ರಲ್ಲಿ 73 ಸೀಟು ಬಂದವು. ಗೆದ್ದವರು ಲಂಡನ್ನಿಗೆ ಹೋಗಲಿಲ್ಲ. 1919ರ ಜನವರಿ 21ಕ್ಕೆ ಡಬ್ಲಿನ್ನಿನಲ್ಲೇ ಡಾಲ್ ಎಂಬ ತಮ್ಮ ಪಾರ್ಲಿಮೆಂಟ್ ಶುರು ಮಾಡಿದರು.

ಈ ಡಾಲ್ ಬಗ್ಗೆ ಪುಸ್ತಕಗಳು ಬಂದೂಕಿನ ಕಥೆಯ ನಡುವೆ ಒಂದೆರಡು ಸಾಲು ಹೇಳಿ ಮುಂದೆ ಹೋಗುತ್ತವೆ. ನನಗೆ ಮಾತ್ರ ಇದೇ ಆ ಕಾಲದ ಅಸಲಿ ಸಾಹಸ ಅನ್ನಿಸುತ್ತದೆ. ಬ್ರಿಟಿಷ್ ಸರ್ಕಾರ ಇನ್ನೂ ಇರುವಾಗಲೇ ಪಕ್ಕದಲ್ಲಿ ಇನ್ನೊಂದು ಸರ್ಕಾರ ನಡೆಸಿದರು. ಕಾಲಿನ್ಸ್ ಹಣಕಾಸು ಮಂತ್ರಿ. ತಲೆಮರೆಸಿಕೊಂಡು ಸೈಕಲ್ಲಿನಲ್ಲಿ ಓಡಾಡುತ್ತಾ, ಜನರಿಂದ ಸುಮಾರು 3,70,000 ಪೌಂಡ್ ಸಾಲ ಎತ್ತಿ, ಪ್ರತಿಯೊಂದಕ್ಕೂ ರಸೀದಿ ಕೊಟ್ಟ. ಆ ಸರ್ಕಾರದ ಅಧ್ಯಕ್ಷ ಎಮನ್ ಡಿ ವೆಲೆರಾ ಅಮೆರಿಕಕ್ಕೆ ಹೋಗಿ ಐವತ್ತು ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿದ. ಹಳ್ಳಿಗಳಲ್ಲಿ ಡಾಲ್ ಕೋರ್ಟುಗಳು ಜಮೀನಿನ ತಕರಾರು ಬಗೆಹರಿಸಿದವು. 1920ರ ಸ್ಥಳೀಯ ಚುನಾವಣೆಯ ನಂತರ ಹೆಚ್ಚಿನ ಕೌಂಟಿ ಕೌನ್ಸಿಲ್‌ಗಳು ಲಂಡನ್ ಜೊತೆ ವ್ಯವಹಾರ ಕಡಿದು, ಡಾಲ್‌ನ ಸ್ಥಳೀಯಾಡಳಿತ ಮಂತ್ರಿ ಕಾಸ್‌ಗ್ರೇವ್‌ಗೆ ವರದಿ ಕಳಿಸಲು ಶುರು ಮಾಡಿದವು. ಇದೆಲ್ಲಾ ನಡೆದದ್ದು ದಕ್ಷಿಣದಲ್ಲಿ ಮತ್ತು ಪಶ್ಚಿಮದಲ್ಲಿ. ಬೆಲ್‌ಫಾಸ್ಟ್ ಮತ್ತು ಅದರ ಸುತ್ತಮುತ್ತ ಡಾಲ್‌ನ ಮಾತು ನಡೆಯಲೇ ಇಲ್ಲ. ಒಂದು ಸರ್ಕಾರದ ಅಧಿಕಾರ ಎಲ್ಲಿಯವರೆಗೆ ನಡೆಯುತ್ತದೋ ಅಲ್ಲಿಗೆ ಅದರ ಗಡಿ. ಆ ಲೆಕ್ಕದಲ್ಲಿ ಗಡಿ 1920ರಲ್ಲೇ ನೆಲದ ಮೇಲೆ ಕಾಣುತ್ತಿತ್ತು.

ಈಗ ಕಾಲಿನ್ಸ್ ವಿಷಯ. 1921ರ ಡಿಸೆಂಬರ್ 5ರ ಸಂಜೆ ಆತನ ಮುಂದೆ ಏನೇನು ದಾರಿ ಇತ್ತು, ಒಂದೊಂದರಲ್ಲೂ ಏನು ಅಪಾಯ ಇತ್ತು ಅಂತ ನೋಡಿದರೆ ನಿಮ್ಮ ಆಫೀಸಿನ ಇಬ್ಬರಿಗೂ ಉತ್ತರ ಸಿಗುತ್ತದೆ.

ಬ್ರಿಟಿಷ್ ಪ್ರಧಾನಿ ಲಾಯ್ಡ್ ಜಾರ್ಜ್ ಕೊಟ್ಟದ್ದು ಇಷ್ಟು. ಕೆನಡಾಕ್ಕೆ ಇರುವಂಥ ಸ್ಥಾನಮಾನ, ಸ್ವಂತ ಸೈನ್ಯ, ಸ್ವಂತ ತೆರಿಗೆ. ಬದಲಿಗೆ ಪಾರ್ಲಿಮೆಂಟ್ ಸದಸ್ಯರು ಹೊಸ ಸಂವಿಧಾನಕ್ಕೆ ಮತ್ತು ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕು. ಮೂರು ಬಂದರುಗಳು ಬ್ರಿಟಿಷ್ ನೌಕಾಪಡೆಯ ಕೈಯಲ್ಲೇ ಉಳಿಯುತ್ತವೆ. ಉತ್ತರಕ್ಕೆ ಹೊರಗುಳಿಯುವ ಹಕ್ಕು ಇರುತ್ತದೆ, ಆದರೆ ಹಾಗೆ ಮಾಡಿದರೆ ಒಂದು ಗಡಿ ಆಯೋಗ ಬಂದು ಗೆರೆಯನ್ನು ಪರಿಶೀಲಿಸುತ್ತದೆ. ಇವತ್ತು ರಾತ್ರಿಯೇ ಸಹಿ ಹಾಕಿ, ಇಲ್ಲದಿದ್ದರೆ ಮೂರು ದಿನದಲ್ಲಿ ಯುದ್ಧ ಅಂತ ಹೆದರಿಸಿದ.

ಬೇಡ ಅಂದು ಎದ್ದು ಬರಬಹುದಿತ್ತು. ಅದರ ಬೆಲೆ ಯುದ್ಧ. ಐರಿಶ್ ಸೇನೆಯ ಮುಖ್ಯಸ್ಥ ರಿಚರ್ಡ್ ಮಲ್ಕಾಹಿ ಆಮೇಲೆ ಡಾಲ್‌ನಲ್ಲಿ ನೇರವಾಗಿ ಹೇಳಿದ: ಸಾಕಷ್ಟು ದೊಡ್ಡದೊಂದು ಪೊಲೀಸ್ ಠಾಣೆ ಬಿಟ್ಟರೆ ಬೇರೆ ಎಲ್ಲಿಂದಲೂ ಶತ್ರುವನ್ನು ಹೊರಹಾಕಲು ನಮ್ಮಿಂದ ಆಗಿಲ್ಲ. ಬ್ರಿಟಿಷರು ಡಬ್ಲಿನ್ ಬಿಡುವಂತೆ ಮಾಡುವ ಶಕ್ತಿ ಆ ಸೇನೆಗೆ ಇರಲಿಲ್ಲ ಅಂದಮೇಲೆ ಬೆಲ್‌ಫಾಸ್ಟ್ ಹಿಡಿಯುವುದು ದೂರದ ಮಾತು. ಲಾಯ್ಡ್ ಜಾರ್ಜ್ ನಿಜಕ್ಕೂ ಯುದ್ಧ ಮಾಡುತ್ತಿದ್ದನೇ ಅನ್ನುವುದು ಬೇರೆ ಪ್ರಶ್ನೆ. ನನ್ನ ಅಂದಾಜಿನಲ್ಲಿ ಮೂರು ದಿನದ ಗಡುವು ಹುಸಿ ಬೆದರಿಕೆ. ಆದರೆ ಅದನ್ನು ಪರೀಕ್ಷಿಸಿ ನೋಡಲು ಬೇರೆಯವರ ಮಕ್ಕಳ ಪ್ರಾಣ ಒಡ್ಡಬೇಕಿತ್ತು.

ಡಬ್ಲಿನ್ನಿಗೆ ಹೋಗಿ ಕೇಳಿ ಬರುತ್ತೇವೆ ಅನ್ನಬಹುದಿತ್ತು. ಅವರಿಗೆ ಕೊಟ್ಟ ಸೂಚನೆಯೂ ಹಾಗೇ ಇತ್ತು, ಕೊನೆಯ ಕರಡನ್ನು ಕಳಿಸಿ ಉತ್ತರಕ್ಕೆ ಕಾಯಬೇಕು ಅಂತ. ಅವರು ಹಾಗೆ ಮಾಡಲಿಲ್ಲ. ಫೋನೂ ಮಾಡಲಿಲ್ಲ. ಕಾಲಿನ್ಸ್ ಮೇಲೆ ಯಾವುದಾದರೂ ಆರೋಪ ಗಟ್ಟಿಯಾಗಿ ನಿಲ್ಲುವುದಿದ್ದರೆ ಅದು ಇದು. ಡಿ ವೆಲೆರಾ ತಾನೇ ಯಾಕೆ ಮಾತುಕತೆಗೆ ಹೋಗಲಿಲ್ಲ ಅನ್ನುವುದೂ ಅಷ್ಟೇ ಗಟ್ಟಿಯಾದ ಪ್ರಶ್ನೆ.

ಮೂರನೆಯ ದಾರಿ ಜಾಣತನದ್ದು. ಮಾತುಕತೆ ಮುರಿಯುವುದಾದರೆ ಉತ್ತರದ ವಿಷಯದಲ್ಲೇ ಮುರಿಯಬೇಕು, ದೊರೆಯ ವಿಷಯದಲ್ಲಿ ಬೇಡ ಅಂತ ಐರಿಶ್ ತಂಡ ಲೆಕ್ಕ ಹಾಕಿತ್ತು. ದೇಶ ಒಡೆಯುವುದನ್ನು ವಿರೋಧಿಸಿದರೆ ಜಗತ್ತು ತಮ್ಮ ಪರ ನಿಲ್ಲುತ್ತದೆ ಅಂತ. ಲಾಯ್ಡ್ ಜಾರ್ಜ್ ಅದನ್ನು ಮೊದಲೇ ಮುಚ್ಚಿಹಾಕಿದ್ದ. ನವೆಂಬರ್‌ನಲ್ಲಿ ಗ್ರಿಫಿತ್‌ನನ್ನು ಒಬ್ಬನನ್ನೇ ಕರೆದು ಗಡಿ ಆಯೋಗದ ಯೋಚನೆ ಮುಂದಿಟ್ಟು, ಅದಕ್ಕೆ ಅಡ್ಡ ಬರುವುದಿಲ್ಲ ಅನ್ನುವ ಮಾತು ತೆಗೆದುಕೊಂಡಿದ್ದ. ಡಿಸೆಂಬರ್ 5ಕ್ಕೆ ಗ್ರಿಫಿತ್ ಉತ್ತರದ ವಿಷಯ ಎತ್ತಿದಾಗ ಆ ಮಾತು ಬರೆದಿಟ್ಟಿದ್ದ ಕಾಗದ ಹೊರಗೆ ಬಂತು. ಗ್ರಿಫಿತ್ ಮಾತಿಗೆ ತಪ್ಪುವವನಲ್ಲ. ದಾರಿ ಅಲ್ಲಿಗೆ ಮುಚ್ಚಿತು.

ಉಳಿದದ್ದು ಸಹಿ. ಡಿಸೆಂಬರ್ 6ರ ನಸುಕಿನಲ್ಲಿ, ಎರಡು ಗಂಟೆ ದಾಟಿದ ಮೇಲೆ ಹಾಕಿದರು.

ಗಡಿ ಆಯೋಗ ಬಂದರೆ ಫರ್ಮಾನಾ, ಟಿರೋನ್, ಡೆರಿ ಪಟ್ಟಣ, ನ್ಯೂರಿ ಎಲ್ಲಾ ದಕ್ಷಿಣಕ್ಕೆ ಸೇರುತ್ತವೆ, ಉಳಿದ ತುಂಡು ತಾನೇ ತಾನಾಗಿ ಬದುಕಲಾರದು, ಕೊನೆಗೆ ಒಂದಾಗಲೇಬೇಕು ಅಂತ ಕಾಲಿನ್ಸ್ ನಂಬಿದ್ದ. ಅವನೊಬ್ಬನೇ ಅಲ್ಲ. ಒಪ್ಪಂದವನ್ನು ಖಂಡಿಸಿದ ಡಿ ವೆಲೆರಾ ತನ್ನದೇ ಒಂದು ಪರ್ಯಾಯ ಕರಡು ಮುಂದಿಟ್ಟ. 'ದಾಖಲೆ ಸಂಖ್ಯೆ 2' ಅಂತ ಅದಕ್ಕೆ ಹೆಸರು. ಅದರಲ್ಲೂ ಉತ್ತರದ ಬಗ್ಗೆ ಇದ್ದದ್ದು ಹೆಚ್ಚುಕಡಿಮೆ ಇದೇ ಷರತ್ತುಗಳು. ಕಾಲಿನ್ಸ್ ಉತ್ತರವನ್ನು ಮಾರಿದ ಅನ್ನುವವರಿಗೆ ಈ ಒಂದು ಸಂಗತಿ ಸಾಕು. ಎರಡೂ ಬಣ ಒಂದೇ ಆಸೆಯ ಮೇಲೆ ಕೂತಿದ್ದವು.

ಹಾಗಾದರೆ ಅಂತರ್ಯುದ್ಧ ಯಾತಕ್ಕೆ? ಡಾಲ್‌ನಲ್ಲಿ ಒಪ್ಪಂದದ ಮೇಲೆ ನಡೆದ ಚರ್ಚೆಯನ್ನೇ ಓದಿ. ಅಚ್ಚಾದ 338 ಪುಟಗಳಲ್ಲಿ ವಿಭಜನೆಗೆ ಸಿಕ್ಕಿದ್ದು ಸುಮಾರು ಒಂಬತ್ತು ಪುಟ ಅಂತ ಇತಿಹಾಸಕಾರರು ಎಣಿಸಿದ್ದಾರೆ. ಅದರಲ್ಲೂ ಹೆಚ್ಚಿನ ಪಾಲು ಗಡಿ ಕೌಂಟಿ ಮೊನಹನ್‌ನ ಮೂವರು ಸದಸ್ಯರದ್ದು. ಮಿಕ್ಕವರೆಲ್ಲಾ ದಿನಗಟ್ಟಲೆ ಮಾತಾಡಿದ್ದು ದೊರೆಗೆ ಮಾಡಬೇಕಾದ ಪ್ರಮಾಣದ ಬಗ್ಗೆ, ಗಣರಾಜ್ಯದ ಬಗ್ಗೆ, ಸತ್ತವರಿಗೆ ಕೊಟ್ಟ ಮಾತಿನ ಬಗ್ಗೆ. ಇದು ಪೂರ್ಣ ಸ್ವಾತಂತ್ರ್ಯ ಅಲ್ಲ, ಅದನ್ನು ಗಳಿಸಿಕೊಳ್ಳುವ ಸ್ವಾತಂತ್ರ್ಯ ಅನ್ನುವುದು ಕಾಲಿನ್ಸ್ ವಾದ. ಇದ್ದ ಗಣರಾಜ್ಯವನ್ನು ನಾವೇ ಕೈಯಾರೆ ಮುಳುಗಿಸುತ್ತಿದ್ದೇವೆ ಅನ್ನುವುದು ಎದುರಾಳಿಗಳ ವಾದ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. 1922ರ ಜನವರಿ 7ಕ್ಕೆ ಮತ ಹಾಕಿದಾಗ ಒಪ್ಪಂದದ ಪರ 64, ವಿರುದ್ಧ 57.

ಜೂನ್ 28ಕ್ಕೆ ಕಾಲಿನ್ಸ್ ಸರ್ಕಾರ ಬ್ರಿಟಿಷರಿಂದ ತಂದ ಫಿರಂಗಿಗಳಿಂದಲೇ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದಲ್ಲಿ ಕೂತಿದ್ದ ಒಪ್ಪಂದ ವಿರೋಧಿಗಳ ಮೇಲೆ ಗುಂಡು ಹಾರಿಸಿತು. ಎರಡು ದಿನದ ನಂತರ ಅಲ್ಲಿದ್ದ ಸಾರ್ವಜನಿಕ ದಾಖಲೆಗಳ ಭಂಡಾರ ಸಿಡಿದು, ಏಳು ಶತಮಾನದ ಕಾಗದಪತ್ರ ಸುಟ್ಟುಹೋಯಿತು. ಇತಿಹಾಸದ ಮೇಷ್ಟ್ರಿಗೆ ಇದು ಸಾವಿನ ಮನೆಯ ಸುದ್ದಿ ಇದ್ದ ಹಾಗೆ. ಆಗಸ್ಟ್ 12ಕ್ಕೆ ಗ್ರಿಫಿತ್ ಕಾಯಿಲೆಯಿಂದ ತೀರಿಕೊಂಡ. ಹತ್ತು ದಿನದ ನಂತರ ಕಾಲಿನ್ಸ್ ಸ್ವಂತ ಕಾರ್ಕ್ ಕೌಂಟಿಯಲ್ಲೇ ಹೊಂಚುದಾಳಿಗೆ ಬಲಿಯಾದ. ಆಮೇಲೆ ಸರ್ಕಾರ ಇನ್ನೂ ಕಠಿಣವಾಯಿತು. ತನ್ನ ಕೈದಿಗಳಲ್ಲಿ 77 ಜನರಿಗೆ ಮರಣದಂಡನೆ ಕೊಟ್ಟಿತು. ಡಿಸೆಂಬರ್ 8ಕ್ಕೆ ವಿಚಾರಣೆಯೇ ಇಲ್ಲದೆ ಗುಂಡಿಕ್ಕಿದ ನಾಲ್ವರಲ್ಲಿ ರೋರಿ ಓಕಾನರ್ ಒಬ್ಬ. ಆ ನಿರ್ಧಾರಕ್ಕೆ ಒಪ್ಪಿಗೆ ಕೊಟ್ಟ ಮಂತ್ರಿ ಕೆವಿನ್ ಓಹಿಗಿನ್ಸ್ ಮದುವೆಯಲ್ಲಿ, ಹಿಂದಿನ ವರ್ಷವಷ್ಟೇ, ಮದುಮಗನ ಜೊತೆ ನಿಂತಿದ್ದವನು ಇದೇ ಓಕಾನರ್. 1923ರ ಮೇ ಹೊತ್ತಿಗೆ ಯುದ್ಧ ನಿಂತಾಗ ಸತ್ತವರು ಸುಮಾರು 1,500. ಇಷ್ಟು ಹತ್ತಿರದವರು ಬಡಿದಾಡಿಕೊಂಡದ್ದಕ್ಕೇ ನಿಮ್ಮ ಆಫೀಸಿನವರಿಗೆ ನೂರು ವರ್ಷದ ಮೇಲೂ ಅದು ಮನೆಯ ವಿಷಯ.

ಇನ್ನು ಉತ್ತರವನ್ನು ಕಾಲಿನ್ಸ್ ಮರೆತಿದ್ದ ಅಂತಲೂ ಹೇಳುವ ಹಾಗಿಲ್ಲ. 1922ರಲ್ಲಿ ಬೆಲ್‌ಫಾಸ್ಟ್ ಪ್ರಧಾನಿ ಜೇಮ್ಸ್ ಕ್ರೇಗ್ ಜೊತೆ ಎರಡು ಸಲ ಒಪ್ಪಂದ ಮಾಡಿಕೊಂಡ. ಅದೇ ಹೊತ್ತಿಗೆ ಗುಟ್ಟಾಗಿ ಉತ್ತರದ ಹೋರಾಟಗಾರರಿಗೆ ಬಂದೂಕನ್ನೂ ಕಳಿಸುತ್ತಿದ್ದ. ಬೆಲ್‌ಫಾಸ್ಟ್ ಸರ್ಕಾರವನ್ನು ಒಪ್ಪದ ಕ್ಯಾಥೊಲಿಕ್ ಶಾಲೆಗಳ ಮೇಷ್ಟ್ರುಗಳಿಗೆ ಕೆಲವು ತಿಂಗಳು ಡಬ್ಲಿನ್ನಿಂದ ಸಂಬಳ ಹೋಯಿತು. ಕಾಲಿನ್ಸ್ ಸತ್ತ ಮೇಲೆ ಅದೂ ನಿಂತಿತು. ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟಿದ್ದು ಉತ್ತರದ ಕ್ಯಾಥೊಲಿಕರಿಗೆ ಒಳ್ಳೆಯದು ಮಾಡಿತೇ? ಇಲ್ಲ ಅಂತಲೇ ನನ್ನ ಅಭಿಪ್ರಾಯ. ಬೆಲ್‌ಫಾಸ್ಟ್ ಸರ್ಕಾರಕ್ಕೆ ಅವರನ್ನೆಲ್ಲ ಒಳಗಿನ ಶತ್ರುಗಳು ಅನ್ನಲು ಒಂದು ನೆಪ ಸಿಕ್ಕಿತು. 1922ರ ವಿಶೇಷಾಧಿಕಾರ ಕಾಯ್ದೆ ಅದೇ ವಾತಾವರಣದಲ್ಲಿ ಬಂದದ್ದು. ಒಂದು ವರ್ಷಕ್ಕೆ ಅಂತ ತಂದ ಆ ಕಾಯ್ದೆ ಐವತ್ತು ವರ್ಷ ಇತ್ತು.

ಗಡಿ ಆಯೋಗ ಎಲ್ಲರೂ ನಂಬಿದ್ದ ಜಾಗ. ಅಲ್ಲಿಯೇ ಎಲ್ಲಾ ಕೈಕೊಟ್ಟಿತು. ಒಪ್ಪಂದದ 12ನೇ ವಿಧಿಯಲ್ಲಿ, ಜನರ ಇಚ್ಛೆಯಂತೆ ಗಡಿ ನಿರ್ಧರಿಸಬೇಕು, ಆದರೆ ಅದು ಆರ್ಥಿಕ ಮತ್ತು ಭೌಗೋಳಿಕ ಪರಿಸ್ಥಿತಿಗೆ ಹೊಂದುವ ಮಟ್ಟಿಗೆ ಅಂತ ಇತ್ತು. ಜನರ ಇಚ್ಛೆ ತಿಳಿಯುವುದು ಹೇಗೆ? ಅದೇ ವರ್ಷಗಳಲ್ಲಿ ಯುರೋಪಿನ ಶ್ಲೆಸ್ವಿಗ್, ಮೇಲಿನ ಸಿಲೇಸಿಯಾಗಳಲ್ಲಿ ಜನಮತಗಣನೆ ಮಾಡಿದ್ದರು. ಇಲ್ಲಿ ಅದರ ಸುದ್ದಿಯೇ ಒಪ್ಪಂದದಲ್ಲಿ ಇಲ್ಲ. ಒಂದು ಸಾಲು ಸೇರಿಸಿದ್ದರೆ ಆಗುತ್ತಿತ್ತು. ಸೇರಿಸಲಿಲ್ಲ. ಗಡಿಬಿಡಿಯಲ್ಲಿ ಹಾಕಿದ ಸಹಿಗೆ ಐರ್ಲೆಂಡ್ ತೆತ್ತ ದೊಡ್ಡ ಬೆಲೆ ಪ್ರಮಾಣವಚನ ಅಲ್ಲ, ಬರೆಯದೇ ಬಿಟ್ಟ ಆ ಸಾಲು. ಪ್ರಮಾಣವಚನವನ್ನು 1933ರಲ್ಲಿ ಡಿ ವೆಲೆರಾನೇ ಕಿತ್ತುಹಾಕಿದ. ಬಂದರುಗಳು 1938ರಲ್ಲಿ ವಾಪಸ್ ಬಂದವು. 1949ರ ಈಸ್ಟರ್ ಸೋಮವಾರ ಗಣರಾಜ್ಯವೂ ಆಯಿತು. ಕಾಲಿನ್ಸ್ ಹೇಳಿದ್ದ ಆ ದಾರಿ ನಿಜವಾಯಿತು. ಗಡಿ ಮಾತ್ರ ಅಲ್ಲಾಡಲಿಲ್ಲ.

ಆಯೋಗ ಕೆಲಸ ಶುರು ಮಾಡಿದ್ದೇ 1924ರ ಕೊನೆಗೆ. ಬೆಲ್‌ಫಾಸ್ಟ್ ಸರ್ಕಾರ ತನ್ನ ಪ್ರತಿನಿಧಿಯನ್ನು ಕಳಿಸಲು ಒಪ್ಪಲಿಲ್ಲ, ಲಂಡನ್ನೇ ಅವರ ಪರವಾಗಿ ನೇಮಿಸಿತು. ಅಧ್ಯಕ್ಷ ರಿಚರ್ಡ್ ಫೀಥಮ್ ದಕ್ಷಿಣ ಆಫ್ರಿಕಾದ ನ್ಯಾಯಾಧೀಶ. ಉತ್ತರ ಐರ್ಲೆಂಡ್ ಈಗಾಗಲೇ ಇರುವ ಘಟಕ, ಅದನ್ನು ಅಲ್ಲಿಲ್ಲಿ ತಿದ್ದಬಹುದೇ ಹೊರತು ಕೌಂಟಿಗಳನ್ನೇ ಕತ್ತರಿಸುವ ಹಾಗಿಲ್ಲ ಅಂತ ಅವನು ಓದಿಕೊಂಡ. ನ್ಯೂರಿಯಲ್ಲಿ ಕ್ಯಾಥೊಲಿಕರೇ ಹೆಚ್ಚಿದ್ದರೂ ಅದರ ವ್ಯಾಪಾರ ಬೆಲ್‌ಫಾಸ್ಟ್ ಕಡೆಗಿದೆ, ಅಲ್ಲದೆ ಬೆಲ್‌ಫಾಸ್ಟಿನ ಕುಡಿಯುವ ನೀರು ಆ ಕಡೆಯ ಮೋರ್ನ್ ಬೆಟ್ಟಗಳಿಂದ ಬರುತ್ತದೆ ಅನ್ನುವ ಕಾರಣಕ್ಕೆ ಉತ್ತರದಲ್ಲೇ ಇರಲಿ ಅಂದ. 1925ರ ನವೆಂಬರ್ 7ಕ್ಕೆ ಲಂಡನ್ನಿನ ಒಂದು ಪತ್ರಿಕೆಯಲ್ಲಿ ಆಯೋಗದ ನಕ್ಷೆ ಸೋರಿತು. ಸುಮಾರು 31,000 ಜನ ದಕ್ಷಿಣಕ್ಕೆ, 7,500 ಜನ ಉತ್ತರಕ್ಕೆ. ಪೂರ್ವ ಡೊನೆಗಾಲಿನ ಒಂದು ತುಂಡು ಕೈತಪ್ಪುತ್ತದೆ ಅಂತ ಗೊತ್ತಾದಾಗ ಡಬ್ಲಿನ್ನಿನಲ್ಲಿ ಗದ್ದಲ ಎದ್ದಿತು. ಡಬ್ಲಿನ್ ಪ್ರತಿನಿಧಿ ಓಯಿನ್ ಮ್ಯಾಕ್‌ನೀಲ್ ರಾಜೀನಾಮೆ ಕೊಟ್ಟ. ಡಿಸೆಂಬರ್ 3ಕ್ಕೆ ಮೂರೂ ಸರ್ಕಾರ ಕೂತು, ವರದಿ ಮುಚ್ಚಿಡೋಣ, ಇದ್ದ ಗಡಿಯೇ ಇರಲಿ ಅಂತ ಒಪ್ಪಿಕೊಂಡವು. ಬದಲಿಗೆ ಬ್ರಿಟನ್ನಿನ ಸಾರ್ವಜನಿಕ ಸಾಲದಲ್ಲಿ ಡಬ್ಲಿನ್ ಹೊರಬೇಕಿದ್ದ ಪಾಲು ಮನ್ನಾ ಆಯಿತು. ವರದಿ ಜನರ ಕೈಗೆ ಸಿಕ್ಕಿದ್ದು 1969ರಲ್ಲಿ.

ನಿಮ್ಮ ಎರಡನೇ ಸಹೋದ್ಯೋಗಿಯ ಮಾತಿಗೂ ಒಂದು ತಿದ್ದುಪಡಿ ಬೇಕು. ದೇಶ ಉಳಿದದ್ದು ಒಬ್ಬ ಕಾಲಿನ್ಸ್‌ನಿಂದ ಅಲ್ಲ. ಅವನು ಸತ್ತಾಗ ಅವನಿಗೆ 31 ವರ್ಷ, ದೇಶಕ್ಕೆ ಇನ್ನೂ ಸಂವಿಧಾನವೇ ಜಾರಿಯಾಗಿರಲಿಲ್ಲ. ಕಟ್ಟಿದ್ದು ಅವನ ನಂತರ ಬಂದ, ಯಾರೂ ಹಾಡು ಕಟ್ಟದ ಜನ. ಬ್ರಿಟಿಷರ ಕಾಲದ ಸುಮಾರು 21,000 ಸರ್ಕಾರಿ ನೌಕರರಲ್ಲಿ ಬಹುಪಾಲು ಎಲ್ಲರೂ ಅದೇ ಮೇಜಿನಲ್ಲಿ ಕೂತು ಹೊಸ ಸರ್ಕಾರದ ಕೆಲಸ ಮಾಡಿದರು. ಹಳೆಯ ಸಶಸ್ತ್ರ ಪೊಲೀಸ್ ಪಡೆ ರದ್ದಾಗಿ, ಅಂತರ್ಯುದ್ಧದ ನಡುವೆಯೇ ಬಂದೂಕಿಲ್ಲದ ಗಾರ್ಡಾ ಪೊಲೀಸ್ ಬಂತು. ನೀವು ಬೀದಿಯಲ್ಲಿ ನೋಡುವ ಗಾರ್ಡಾ ಇವತ್ತಿಗೂ ಬಹುತೇಕ ಹಾಗೇ. ಹಣಕಾಸು ಮಂತ್ರಿ ಅರ್ನೆಸ್ಟ್ ಬ್ಲೈತ್ 1924ರಲ್ಲಿ ಮುದುಕರ ಪಿಂಚಣಿಯಲ್ಲಿ ಒಂದು ಶಿಲಿಂಗ್ ಕಡಿದ. ಜನ ಅದನ್ನು ಕ್ಷಮಿಸಲೇ ಇಲ್ಲ. ಅವನು ಉತ್ತರದ ಆಂಟ್ರಿಮ್ ಕೌಂಟಿಯ ಪ್ರಾಟೆಸ್ಟೆಂಟ್ ಅನ್ನುವುದನ್ನೂ ಮಗಳು ಗುರುತು ಹಾಕಿಕೊಳ್ಳಲಿ, ಧರ್ಮದ ಸರಳ ಲೆಕ್ಕಕ್ಕೆ ಸಿಗದವರ ಪಟ್ಟಿಗೆ. ಅದೇ ಬಡ ಸರ್ಕಾರ 1925ರಲ್ಲಿ ಜರ್ಮನಿಯ ಸೀಮೆನ್ಸ್ ಕಂಪನಿಗೆ ಶಾನನ್ ನದಿಯ ವಿದ್ಯುತ್ ಯೋಜನೆ ಕೊಟ್ಟು, 1929ಕ್ಕೆ ದೇಶಕ್ಕೆಲ್ಲಾ ಕರೆಂಟು ಹರಿಸಲು ಶುರು ಮಾಡಿತು. 1932ರಲ್ಲಿ ಅಂತರ್ಯುದ್ಧದಲ್ಲಿ ಗೆದ್ದವರು ಚುನಾವಣೆಯಲ್ಲಿ ಸೋತು, ಸೋತಿದ್ದ ಡಿ ವೆಲೆರಾಗೆ ಅಧಿಕಾರ ಬಿಟ್ಟುಕೊಟ್ಟರು. ಹತ್ತು ವರ್ಷದ ಹಿಂದೆ ಪರಸ್ಪರ ಗುಂಡು ಹಾರಿಸಿಕೊಂಡವರು. ನನ್ನ ಮಟ್ಟಿಗೆ ಆ ರಾಜ್ಯ ನಿಂತದ್ದು ಅವತ್ತೇ.

ಈಗ ಪ್ರಾಜೆಕ್ಟ್. ಯಾರ ಪರ ಬರೆಯಬೇಕು ಅನ್ನುವ ಪ್ರಶ್ನೆಯನ್ನೇ ಬಿಡಿ. ಕಾಲಿನ್ಸ್ ಬಣದ ಪರ ಅಂತ ಬರೆದರೆ ಮರಣದಂಡನೆಗಳಿಗೆ ಉತ್ತರ ಹೇಳಬೇಕಾಗುತ್ತದೆ. ಡಿ ವೆಲೆರಾ ಪರ ಬರೆದರೆ ದಾಖಲೆ ಸಂಖ್ಯೆ 2 ಅಡ್ಡ ಬರುತ್ತದೆ. ಎಲ್ಲಾ ಬ್ರಿಟಿಷರದ್ದೇ ತಪ್ಪು ಅಂದರೆ ನಾಲ್ಕೂ ಮುಕ್ಕಾಲು ಲಕ್ಷ ಸಹಿಗಳನ್ನು ಎಲ್ಲಿ ಇಡುತ್ತೀರಿ? ಹಾಗಂತ ಬ್ರಿಟಿಷರು ಸುಮ್ನೆ ನೋಡುತ್ತಾ ನಿಂತಿದ್ದರು ಅಂದರೂ ಸುಳ್ಳು. ಕಾಯ್ದೆ ಅವರದ್ದು, ಪೊಲೀಸ್ ಪಡೆಯ ಖರ್ಚೂ ಬಹುಪಾಲು ಅವರದ್ದು. ಟೀಚರ್ ಬಗ್ಗೆ ಹೆದರಬೇಡಿ. ಆ ಎರಡು ಬಣಗಳಿಂದ ಹುಟ್ಟಿದ ಫಿಯನ್ನಾ ಫಾಲ್ ಮತ್ತು ಫಿನಾ ಗೇಲ್ ಪಕ್ಷಗಳೇ 2020ರಲ್ಲಿ ಒಟ್ಟಿಗೆ ಸೇರಿ ಸರ್ಕಾರ ಮಾಡಿವೆ. ಆಫೀಸಿನಲ್ಲಿ ಮಾತ್ರ, ಯಾರದ್ದಾದರೂ ಮುತ್ತಜ್ಜನ ಕಥೆ ಬಂದಾಗ ತಾರೀಖು ಹೇಳಿ ತಿದ್ದಲು ಹೋಗಬೇಡಿ. ಕೇಳಿಸಿಕೊಳ್ಳಿ.

ಮಗಳಿಗೆ ಒಂದು ಚಿಕ್ಕ ಪ್ರಶ್ನೆ ಹಿಡಿದು ಬರೆಯಲು ಹೇಳಿ. '1921ರ ಅಕ್ಟೋಬರ್ ಹೊತ್ತಿಗೆ ಗಡಿಯ ಎಷ್ಟು ಭಾಗ ಆಗಲೇ ನಿರ್ಧಾರವಾಗಿತ್ತು?' ಅನ್ನುವುದು ಒಂದು. ಭಾರತದ ಕಡೆಯಿಂದ ಬರೆಯುವ ಮನಸ್ಸಿದ್ದರೆ ಅದಕ್ಕೂ ಸಾಕಷ್ಟು ಇದೆ. 1920ರ ಜೂನ್‌ನಲ್ಲಿ ಪಂಜಾಬಿನ ಜಲಂಧರ್ ಮತ್ತು ಈಗ ಹಿಮಾಚಲದಲ್ಲಿರುವ ಸೋಲನ್‌ನಲ್ಲಿದ್ದ ಕನಾಟ್ ರೇಂಜರ್ಸ್ ದಳದ ಐರಿಶ್ ಸೈನಿಕರು, ತಮ್ಮೂರಿನಲ್ಲಿ ನಡೆಯುತ್ತಿದ್ದ ದೌರ್ಜನ್ಯ ಕೇಳಿ ದಂಗೆ ಎದ್ದರು. ಅವರಲ್ಲಿ ಜೇಮ್ಸ್ ಡಾಲಿಯನ್ನು ದಗ್‌ಶಾಯಿಯಲ್ಲಿ ಗುಂಡಿಟ್ಟು ಕೊಂದರು. ಮುಂದೆ ನಮ್ಮ ರಾಷ್ಟ್ರಪತಿಯಾದ ವಿ.ವಿ. ಗಿರಿ 1916ರಲ್ಲಿ ಡಬ್ಲಿನ್ನಿನಲ್ಲಿ ಕಾನೂನು ವಿದ್ಯಾರ್ಥಿ. ದಂಗೆಯ ನಂತರ ದೇಶ ಬಿಡಬೇಕಾಯಿತು. ನಮ್ಮ ಸಂವಿಧಾನದ ರಾಜ್ಯ ನಿರ್ದೇಶಕ ತತ್ವಗಳು 1937ರ ಐರಿಶ್ ಸಂವಿಧಾನದಿಂದ ಬಂದವು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ನಮ್ಮ ದಕ್ಷಿಣ ಕನ್ನಡದ ಬೆನಗಲ್ ನರಸಿಂಗ ರಾವ್ ಅವರು 1947ರಲ್ಲಿ ಐರ್ಲೆಂಡಿಗೂ ಹೋಗಿ ಅಲ್ಲಿನವರ ಜೊತೆ ಚರ್ಚಿಸಿ ಬಂದಿದ್ದರು.

ಮೂಲ ಕಾಗದಗಳಿಗೆ ನೀವು ಎಲ್ಲೂ ಹೋಗಬೇಕಿಲ್ಲ. 1911ರ ಐರಿಶ್ ಜನಗಣತಿಯ ಹಾಳೆಗಳು ಅಲ್ಲಿನ ರಾಷ್ಟ್ರೀಯ ದಾಖಲಾಲಯದ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತವೆ. ಮನೆಮನೆಯ ಹೆಸರು, ಧರ್ಮ, ಕಸುಬು ಎಲ್ಲಾ ಇದೆ. ಡಾಲ್‌ನ ಒಪ್ಪಂದದ ಚರ್ಚೆಯೂ ಪೂರ್ತಿ ಇದೆ. ಹೋರಾಟದಲ್ಲಿದ್ದವರ ಹೇಳಿಕೆಗಳನ್ನು ಐರಿಶ್ ಸರ್ಕಾರ 1947ರಿಂದ ಹತ್ತು ವರ್ಷ ಬರೆಸಿಕೊಂಡಿತ್ತು, 2003ರಲ್ಲಿ ಬಿಡುಗಡೆ ಮಾಡಿತು. ಅವೂ ಇವೆ. ಮೊದಲು ಜನಗಣತಿಯಲ್ಲಿ ಪೆಟಿಗೋ ಅಥವಾ ನ್ಯೂರಿಯ ಒಂದು ಬೀದಿ ತೆಗೆದು ನೋಡಲಿ, ಆಮೇಲೆ 12ನೇ ವಿಧಿ ಓದಲಿ. ಉತ್ತರ ಐರ್ಲೆಂಡಿಗೆ ಹೋಗಿ ಗಡಿ ನೋಡಿಕೊಂಡು ಬರೋಣ ಅಂತ ಹೊರಟರೆ ಒಂದು ಎಚ್ಚರ. ರಸ್ತೆಯಲ್ಲಿ ಚೆಕ್‌ಪೋಸ್ಟ್ ಕಾಣುವುದಿಲ್ಲ, ಬೋರ್ಡಿನಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬರುತ್ತದೆ ಅಷ್ಟೇ. ಆದರೆ ನಿಮ್ಮದು ಇನ್ನೂ ಭಾರತದ ಪಾಸ್‌ಪೋರ್ಟ್ ಆಗಿದ್ದರೆ, ಐರ್ಲೆಂಡಿನ ನಿವಾಸ ಪರವಾನಗಿ ಅಲ್ಲಿಗೆ ಸಾಲುವುದಿಲ್ಲ. ಬ್ರಿಟನ್ ವೀಸಾ ಬೇಕು, ಬಸ್ ಹತ್ತುವ ಮೊದಲೇ ಮಾಡಿಸಿಕೊಳ್ಳಿ.